ವಾರ್ಡ್ ನಂಬರ್ ಖಾಲಿ ಬಿಟ್ಟಿದ್ದೇನೆ

ಆಗಸ್ಟ್ ೪

ಅಮ್ಮಾ,

ಮೊದಲಿಗೆ ಸಾರಿ. ಹೀಗೆ ಕಾಗದ ಬರೆದದ್ದಕ್ಕೆ ಸಾರಿ, ಅದನ್ನು ನಿನ್ನ ಆಫೀಸಿನ ವಿಳಾಸಕ್ಕೆ ಹಾಕಿದ್ದಕ್ಕೆ ಸಾರಿ, ಕವರಿನ ಮೇಲೆ ‘ಮಾನ್ಯ ಅಧ್ಯಕ್ಷರು, ಪುರಸಭೆ’ ಎಂದು ಬರೆದದ್ದಕ್ಕೆ ಇನ್ನೊಂದು ಸಾರಿ. ಬೇರೆ ದಾರಿ ಹೊಳೆಯಲಿಲ್ಲ. ನಿನ್ನ ಫೋನು ಯಾವಾಗಲೂ ಎಂಗೇಜ್. ಸಿಕ್ಕಿದರೂ, “ಹೇಳು ಮರಿ, ಬೇಗ ಹೇಳು, ಟ್ಯಾಂಕರಿನವನು ಕಾಯ್ತಾ ಇದಾನೆ” ಅನ್ನುತ್ತೀಯ. ಬೇಗ ಹೇಳು ಅಂದ ಕೂಡಲೇ ನನಗೆ ಹೇಳಬೇಕಾದದ್ದೆಲ್ಲ ಮರೆತುಹೋಗುತ್ತದೆ. ಆದರೆ ಒಂದು ವಿಷಯ ನನಗೆ ಗೊತ್ತು. ಪುರಸಭೆಗೆ ಬಂದ ಪ್ರತಿ ಅರ್ಜಿಗೂ ನೀನು ವಾರದೊಳಗೆ ನಿನ್ನ ಕೈಯಾರೆ ಉತ್ತರ ಬರೆಯುತ್ತೀಯ. ಚರಂಡಿ ಕಟ್ಟಿಕೊಂಡಿದೆ ಎಂದವರಿಗೂ ಬರೆಯುತ್ತೀಯ, ನಿನ್ನನ್ನೇ ಬೈದು ಬರೆದವರಿಗೂ ಬರೆಯುತ್ತೀಯ. ಅದಕ್ಕೇ ಇದನ್ನೂ ಒಂದು ಅರ್ಜಿ ಅಂತ ತಿಳಿದುಕೋ.

ವಿಷಯ ಏನೆಂದರೆ, ನಮಗೆ ಮೊದಲ ಸೆಮಿಸ್ಟರಿನ ಅಸೈನ್‌ಮೆಂಟ್ ಕೊಟ್ಟಿದ್ದಾರೆ: ‘ನಿಮ್ಮ ಊರಿನ ಸ್ಥಳೀಯ ಸಂಸ್ಥೆ: ಆಡಳಿತ, ಜನಸಂಖ್ಯೆ, ಬೆಳವಣಿಗೆ.’ ಮೇಷ್ಟ್ರು ಕ್ಲಾಸಿನಲ್ಲಿ, “ಯಾರಿಗಾದ್ರೂ ನಿಮ್ಮೂರಿನ ಅಧ್ಯಕ್ಷರು ಯಾರು ಅಂತ ಗೊತ್ತಾ?” ಎಂದು ಕೇಳಿದರು. ಇಡೀ ಕ್ಲಾಸಿನಲ್ಲಿ ಎದ್ದದ್ದು ನನ್ನ ಕೈ ಒಂದೇ. “ಗೊತ್ತು ಸರ್. ನಮ್ಮಮ್ಮ” ಅಂದೆ. ಎಲ್ಲರೂ ತಿರುಗಿ ನೋಡಿದರು. ನನಗೆ ಒಂಥರಾ ಹೆಮ್ಮೆ ಆಯಿತು. “ಭೇಷ್, ಹಾಗಾದ್ರೆ ನಿಮ್ಮೂರಿನ ಜನಸಂಖ್ಯೆ ಎಷ್ಟು? ಎಷ್ಟು ವಾರ್ಡು?” ಅಂದರು. ನಾನು ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿದೆ. “ಕೂತ್ಕೊಳಮ್ಮಾ. ಅಮ್ಮನ್ನ ಕೇಳ್ಕೊಂಡು ಬಾ” ಅಂದರು. ನನ್ನ ರೂಮ್‌ಮೇಟ್ (ಅವಳನ್ನು ನಾವೆಲ್ಲ ಅಲಾರಂ ಅನ್ನುತ್ತೇವೆ, ನಿದ್ದೆಯಲ್ಲೂ ಮಾತಾಡುತ್ತಾಳೆ) ಈಗಲೂ ಊಟದ ಕ್ಯೂನಲ್ಲಿ ನನ್ನನ್ನು ನೋಡಿದರೆ “ಎಷ್ಟು ವಾರ್ಡು?” ಅನ್ನುತ್ತಾಳೆ.

ತಪ್ಪು ನನ್ನದೂ ಅಲ್ಲ ಅಮ್ಮ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿದ್ದೇನೆ. ನಮ್ಮೂರೆಂದರೆ ನನಗೆ ರಜೆ. ಸ್ಟೇಷನ್ನು, ನಮ್ಮ ಬೀದಿ, ಅಪ್ಪನ ಟೈಲರ್ ಅಂಗಡಿ, ಮುಗಿಯಿತು. ದಯವಿಟ್ಟು ಊರನ್ನು ನನಗೆ ಸ್ವಲ್ಪ ಹೇಳಿಕೊಡು.

ಅರ್ಜಿ ಅಂದಮೇಲೆ ಒಂದು ದೂರೂ ಇರಲಿ. ನಮ್ಮ ಬೀದಿಯ ತಿರುವಿನ ದೀಪ ನಾನು ಏಳನೇ ಕ್ಲಾಸಿನಲ್ಲಿದ್ದಾಗಿನಿಂದ ಉರಿಯುತ್ತಿಲ್ಲ.

ಇಂತಿ ನಿಮ್ಮ ವಿಧೇಯ ನಾಗರಿಕಳು,
ನಿನ್ನ ಮಗಳು


ಆಗಸ್ಟ್ ೧೦

ಅರ್ಜಿದಾರರಿಗೆ,

ನಿಮ್ಮ ಪತ್ರ ತಲುಪಿದೆ. ಟಪಾಲು ಗುಮಾಸ್ತರು ರೂಢಿಯಂತೆ ಒಡೆದು, ಸೀಲು ಹೊಡೆದು, ಪೂರ್ತಿ ಓದಿ, ಆಮೇಲೆ ನನ್ನ ಟೇಬಲಿಗೆ ತಂದಿಟ್ಟರು. ಈಗ ‘ಎಷ್ಟು ವಾರ್ಡು’ ಎಂಬುದು ನಮ್ಮ ಆಫೀಸಿನಲ್ಲೂ ಓಡುತ್ತಿದೆ.

ಇಪ್ಪತ್ತಮೂರು ವಾರ್ಡು, ಮರಿ. ಒಂದೊಂದು ವಾರ್ಡಿಗೆ ಒಬ್ಬೊಬ್ಬ ಸದಸ್ಯರು. ತಿಂಗಳಿಗೊಮ್ಮೆ ಸಭೆ. ನಾವು ನಿರ್ಣಯ ಮಾಡುತ್ತೇವೆ, ಮುಖ್ಯಾಧಿಕಾರಿ ಜಾರಿಗೆ ತರುತ್ತಾರೆ, ಜನ ಇಬ್ಬರನ್ನೂ ಬೈಯುತ್ತಾರೆ. ಆಡಳಿತ ಎಂದರೆ ಇಷ್ಟೇ. ನಮ್ಮಲ್ಲಿ ಒಬ್ಬ ಹಿರಿಯ ಸದಸ್ಯರಿದ್ದಾರೆ, ಯಾವ ವಿಷಯಕ್ಕೂ ಮೊದಲು ಎದ್ದು “ಪಾಯಿಂಟ್ ಆಫ್ ಆರ್ಡರ್!” ಎನ್ನುತ್ತಾರೆ. ಒಮ್ಮೆ ಟೀ ತಣ್ಣಗಿದೆ ಎಂಬುದಕ್ಕೂ ಎದ್ದಿದ್ದರು. ಅವರ ಹೆಸರೇ ಹಾಗಾಗಿದೆ. ಅವರಿಲ್ಲದೆ ನನಗೂ ಸಭೆ ಸಪ್ಪೆ.

ಬೆಳವಣಿಗೆ ಕೇಳಿದ್ದೀಯ. ನಾನು ನಿಮ್ಮಪ್ಪನನ್ನು ಮದುವೆಯಾಗಿ ಬಂದಾಗ ಸ್ಟೇಷನ್ನಿನಿಂದ ಮನೆ ಸೇರುವಷ್ಟರಲ್ಲಿ ಊರು ಮುಗಿಯುತ್ತಿತ್ತು. ಈಗ ಊರಿನ ಒಂದು ತುದಿಯಲ್ಲಿ ನಲ್ಲಿ ತಿರುಗಿಸಿದರೆ ಇನ್ನೊಂದು ತುದಿಗೆ ನೀರು ತಲುಪಲು ಅರ್ಧ ದಿನ ಬೇಕು. ಹಿಂದಿನ ಎಣಿಕೆಯಲ್ಲಿ ನಾವು ನಲವತ್ತು ಸಾವಿರದ ಆಸುಪಾಸು. ಕಳೆದ ತಿಂಗಳು ಶಾಲೆಯ ಟೀಚರುಗಳು ಮನೆಮನೆಗೆ ಹೋಗಿ ಹೊಸದಾಗಿ ಎಣಿಸಿದ್ದಾರೆ. ಐವತ್ತು ಸಾವಿರವನ್ನು ಕೂದಲೆಳೆಯಲ್ಲಿ ದಾಟಿದ್ದೇವೆ!

ಇದು ಸಣ್ಣ ಮಾತಲ್ಲ. ಐವತ್ತು ಸಾವಿರ ದಾಟಿದರೆ ಪುರಸಭೆ ನಗರಸಭೆಯಾಗುತ್ತದೆ. ನಗರಸಭೆಯಾದರೆ ಎರಡನೇ ನೀರಿನ ಲೈನು, ದೊಡ್ಡ ಆಸ್ಪತ್ರೆ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಡಿಗ್ರಿ ಕಾಲೇಜು. ನಮ್ಮಲ್ಲಿ ಹತ್ತನೇ ತರಗತಿ ಮುಗಿದರೆ ಮುಂದಕ್ಕೆ ಏನೂ ಇಲ್ಲ. ಅದಕ್ಕೇ ಊರಿನ ಅರ್ಧಕ್ಕರ್ಧ ಮನೆಗಳ ಮಕ್ಕಳು, ಕೆಲವರು ನಿನ್ನ ಹಾಗೆ ಮೊದಲೇ, ಉಳಿದವರು ಹತ್ತು ಮುಗಿಸಿ, ಹಾಸ್ಟೆಲ್ ಸೇರಿದ್ದಾರೆ. ಅಕ್ಟೋಬರ್ ಸಭೆಯಲ್ಲಿ ಎಣಿಕೆಯನ್ನು ಒಪ್ಪಿ ಸರ್ಕಾರಕ್ಕೆ ಕಳಿಸುತ್ತೇವೆ. ಆಗ ನಿಮ್ಮಮ್ಮ ನಗರಸಭೆಯ ಮೊದಲ ಅಧ್ಯಕ್ಷೆ. ಆಫೀಸಿನ ಬಾಗಿಲಿಗೆ ಹೊಸ ಬೋರ್ಡು ಬರೆಸಲು ಗುಮಾಸ್ತರು ಈಗಲೇ ಪೇಂಟರ್‌ನನ್ನು ಹುಡುಕುತ್ತಿದ್ದಾರೆ.

ಊರಿನ ನಕ್ಷೆ ಲಗತ್ತಿಸಿದ್ದೇನೆ. ದೀಪದ ದೂರು ದಾಖಲಾಗಿದೆ, ಸರದಿ ಬಂದಾಗ ಕ್ರಮ ಕೈಗೊಳ್ಳಲಾಗುವುದು.

ತಮ್ಮ ವಿಶ್ವಾಸಿ,
ಅಧ್ಯಕ್ಷೆ, ಪುರಸಭೆ
(ಅಮ್ಮ. ಸರಿಯಾಗಿ ಊಟ ಮಾಡು.)


ಆಗಸ್ಟ್ ೨೨

ಅಮ್ಮಾ,

ನಿನ್ನ ಉತ್ತರವನ್ನು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಅಲಾರಂ ಅದನ್ನು ಎರಡು ಸಲ ಓದಿ, “ನಿಮ್ಮಮ್ಮ ಬೈತಾರೋ ಮುದ್ದು ಮಾಡ್ತಾರೋ ಗೊತ್ತೇ ಆಗಲ್ಲ ಕಣೇ” ಅಂದಳು. ನನಗೂ ಗೊತ್ತಾಗಲಿಲ್ಲ. ಆದರೂ ಓದಿದಾಗಲೆಲ್ಲ ನಗು ಬರುತ್ತದೆ.

ಮೊದಲ ಅಧ್ಯಕ್ಷೆ! ಅಮ್ಮ, ಇದು ಎಷ್ಟು ದೊಡ್ಡ ವಿಷಯ ಅಂತ ನಿನಗೇ ಗೊತ್ತಿಲ್ಲ ಅನ್ನಿಸುತ್ತದೆ. ನಾನು ಸಣ್ಣವಳಿದ್ದಾಗ, ಆಗಿನ್ನೂ ಬರೀ ಸದಸ್ಯೆಯಾಗಿದ್ದ ನೀನು ಬೆಳಗಾಗುವ ಮೊದಲೇ ಸ್ಕೂಟರ್ ಹತ್ತಿ ನೀರಿನ ವಾಲ್ವ್ ಬಿಡುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದೆ, ಯಾವ ಬೀದಿಗೂ ಮೋಸ ಆಗಬಾರದು ಅಂತ. ಆಗ ನನಗೆ ಸಿಟ್ಟು ಬರುತ್ತಿತ್ತು, ಜಡೆ ಹಾಕುವವರು ಯಾರು ಅಂತ. ಅಪ್ಪ ಹಾಕಿದ ಜಡೆ ಯಾವಾಗಲೂ ಶರ್ಟಿನ ಹೊಲಿಗೆಯಷ್ಟು ಬಿಗಿ. ಈಗ ಪುಸ್ತಕದಲ್ಲಿ ‘ಸ್ಥಳೀಯ ಸಂಸ್ಥೆಯ ಹೊಣೆಗಾರಿಕೆ’ ಎಂಬ ಪಾಠ ಓದುವಾಗ ನನಗೆ ಕಾಣುವುದು ಆ ಸ್ಕೂಟರೇ.

ನಕ್ಷೆಯ ಬಗ್ಗೆ ಒಂದು ಪ್ರಶ್ನೆ. ಅದರಲ್ಲಿ ಊರು ರೈಲು ಹಳಿಯ ಹತ್ತಿರ ನಿಂತುಬಿಡುತ್ತದೆ. ಹಳಿಯಾಚೆ ಬರೀ ಬಿಳಿ ಕಾಗದ. ಆದರೆ ಅಪ್ಪನ ಅಂಗಡಿಯಲ್ಲಿ ಕಾಜಾ ಹಾಕುವ ಅಕ್ಕ ಬರುವುದು ಹಳಿಯಾಚೆಯಿಂದಲೇ ಅಲ್ಲವಾ? ಒಂದು ರಜೆಯಲ್ಲಿ ಅವರ ಜೊತೆ ಹೋಗಿದ್ದೆ. ಅಲ್ಲಿ ಇಟ್ಟಿಗೆ ಗೂಡು ಇದೆ, ಸಾಲು ಸಾಲು ಮನೆ ಇದೆ, ಎಷ್ಟೊಂದು ಮಕ್ಕಳಿದ್ದಾರೆ. ನಕ್ಷೆ ಹಳೆಯದಾ?

ಇನ್ನೊಂದು ತಮಾಷೆ. ಜುಲೈನಲ್ಲಿ ನಮ್ಮ ಹಾಸ್ಟೆಲಿಗೂ ಎಣಿಕೆಯವರು ಬಂದಿದ್ದರು. ವಾರ್ಡನ್ ನಮ್ಮನ್ನೆಲ್ಲ ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ ಬರೆಸಿದರು. ಹಾಸ್ಟೆಲಿನವರನ್ನು ಹಾಸ್ಟೆಲಿನಲ್ಲೇ ಎಣಿಸಬೇಕಂತೆ, ಅದೇ ರೂಲು. ಹಾಗಾಗಿ ನಾನು ಈ ದೊಡ್ಡ ನಗರದ ಜನಸಂಖ್ಯೆಯಲ್ಲಿ ಒಬ್ಬಳು! ನಿನ್ನ ಐವತ್ತು ಸಾವಿರದಲ್ಲಿ ನಾನಿಲ್ಲ, ನೋಡು. ನಾನಿಲ್ಲದೆಯೇ ಊರು ಅಷ್ಟು ಬೆಳೆಯಿತಲ್ಲ ಅಂತ ಸ್ವಲ್ಪ ಬೇಜಾರಾಯಿತು.

ನಿನ್ನ ಮಗಳು


ಆಗಸ್ಟ್ ೨೯

ಮರಿ,

ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ. ಹಾಸ್ಟೆಲಿನಲ್ಲಿ ನಿನ್ನನ್ನು ಎಣಿಸಿದ್ದು ಖಂಡಿತವೇ? ಎಲ್ಲ ಹುಡುಗಿಯರನ್ನೂ ಎಣಿಸಿದರೇ?

ಯಾಕೆ ಕೇಳುತ್ತಿದ್ದೇನೆ ಎಂದರೆ, ನಿನ್ನನ್ನು ಇಲ್ಲೂ ಎಣಿಸಿದ್ದೇವೆ. ಟೀಚರ್ ಮನೆಗೆ ಬಂದು, “ಎಷ್ಟು ಜನ ಮೇಡಂ ಮನೇಲಿ?” ಎಂದರು. ನಾನು ಸಾರಿಗೆ ಸೌಟು ಹಾಕುತ್ತಾ “ಮೂರು” ಎಂದೆ. ಯೋಚಿಸಲೂ ಇಲ್ಲ. ನಾವು ಮೂರು ಜನ, ಇನ್ನೇನು ಹೇಳಲಿ? ನಿನ್ನ ಕಾಗದ ಬಂದ ಮೇಲೆ ಟೀಚರನ್ನು ಕರೆದು ಕೇಳಿದೆ. “ಎಲ್ರೂ ಹಾಗೇ ಹೇಳಿದ್ದು ಮೇಡಂ. ಯಾವ ತಾಯಿ ತಾನೇ ಮಕ್ಕಳನ್ನ ಬಿಟ್ಟು ಲೆಕ್ಕ ಕೊಡ್ತಾಳೆ?” ಎಂದರು.

ಹಾಸ್ಟೆಲಿನಲ್ಲಿರುವ ಊರಿನ ಮಕ್ಕಳನ್ನೆಲ್ಲ ಕಳೆದರೆ ನಾವು ಐವತ್ತು ಸಾವಿರಕ್ಕೆ ಕೆಳಗೆ ಬರುತ್ತೇವೆ. ಇದು ಇಲ್ಲಿ ಯಾರಿಗೂ ಹೊಳೆದಿಲ್ಲ. ರೂಲು ಏನೆಂದು ನಿಮ್ಮ ಮೇಷ್ಟ್ರನ್ನು ಸರಿಯಾಗಿ ಕೇಳಿ ತಕ್ಷಣ ಬರೆ.

ಹಳಿಯಾಚೆಯ ವಿಷಯ: ನಕ್ಷೆ ಹಳೆಯದಲ್ಲ. ನಮ್ಮ ಗಡಿ ಇರುವುದೇ ಅಷ್ಟು.

ಅಮ್ಮ


ಸೆಪ್ಟೆಂಬರ್ ೫

ಅಮ್ಮಾ,

ಕೇಳಿದೆ. ವರ್ಷದಲ್ಲಿ ಹೆಚ್ಚು ದಿನ ಎಲ್ಲಿ ಮಲಗುತ್ತೇವೋ ಅಲ್ಲೇ ನಮ್ಮ ಎಣಿಕೆ. ಮೇಷ್ಟ್ರು ಪುಸ್ತಕ ತೆಗೆದು ತೋರಿಸಿದರು. “ಯಾಕಮ್ಮಾ ಇಷ್ಟು ಗಾಬರಿ, ಪರೀಕ್ಷೆಗೆ ಬರಲ್ಲ ಅದು” ಅಂದರು.

ಅಮ್ಮ, ನಾನು ಹಾಳು ಮಾಡಿದೆನಾ? ಸುಮ್ಮನೆ ತಮಾಷೆಗೆ ಬರೆದದ್ದು ಅದು. ಎರಡು ದಿನದಿಂದ ಊಟ ಸೇರುತ್ತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಊರಿಗೆ ಕಾಲೇಜು ಬರುತ್ತಿತ್ತು, ನೀನು ಮೊದಲ ಅಧ್ಯಕ್ಷೆಯಾಗುತ್ತಿದ್ದೆ. ನಾನು ಇಲ್ಲಿ ಯಾರಿಗೂ ಹೇಳಿಲ್ಲ, ಅಲಾರಂಗೂ ಹೇಳಿಲ್ಲ (ಅವಳಿಗೆ ಹೇಳಿದರೆ ರೇಡಿಯೋಗೆ ಹೇಳಿದ ಹಾಗೆ). ನೀನು ಆ ಕಾಗದ ಹರಿದುಹಾಕು. ಟೀಚರಿಗೆ ಏನೂ ಹೇಳಬೇಡ. ನಾವು ಯಾರಿಗೂ ಮೋಸ ಮಾಡುತ್ತಿಲ್ಲವಲ್ಲ, ಕಾಲೇಜು ಎಲ್ಲರಿಗೂ ಅಲ್ಲವಾ?

ಇದನ್ನು ಬರೆದು ಓದಿದಾಗ ನನಗೇ ನಾಚಿಕೆಯಾಯಿತು. ಆದರೂ ಹೊಡೆದುಹಾಕುತ್ತಿಲ್ಲ. ನೀನು ಆ ಬೋರ್ಡಿನ ಕೆಳಗೆ ನಿಂತಿರುವುದನ್ನು ನಾನು ಒಂದು ಸಲ ನೋಡಬೇಕು.

ಬೇರೆ ಏನಾದರೂ ದಾರಿ ಇದ್ದರೆ ನಿನಗೇ ಗೊತ್ತಿರುತ್ತದೆ. ನಿನಗೆ ಯಾವಾಗಲೂ ಗೊತ್ತಿರುತ್ತದೆ.

ಮಗಳು


ಅಕ್ಟೋಬರ್ ೩

ಮಾನ್ಯ ಅಧ್ಯಕ್ಷರಿಗೆ,

ನನ್ನ ಹಿಂದಿನ ಪತ್ರಕ್ಕೆ ಉತ್ತರವಿಲ್ಲ. ಪುರಸಭೆಯ ಇತಿಹಾಸದಲ್ಲಿ ಅರ್ಜಿಯೊಂದು ವಾರ ಮೀರಿ ಉಳಿದದ್ದು ಇದೇ ಮೊದಲು ಇರಬೇಕು. ಫೋನ್ ಮಾಡಿದರೆ, “ಸಭೆ ಮುಗೀಲಿ ಮರಿ, ಚೆನ್ನಾಗಿದೀನಿ” ಅನ್ನುತ್ತೀಯ. ಚೆನ್ನಾಗಿರುವವರು ಹಾಗೆ ಹೇಳುವುದಿಲ್ಲ.

ನನ್ನ ಮೇಲೆ ಸಿಟ್ಟಾದರೆ ಸಿಟ್ಟು ಅಂತಲೇ ಬರೆ.

ಮಗಳು


ಅಕ್ಟೋಬರ್ ೧೬

ಪುಟ್ಟಾ,

ಟೇಪು ಹಿಡಿಯುವ ಕೈ ಪೆನ್ನು ಹಿಡಿದರೆ ಸಾಲು ಸೊಟ್ಟಗಾಗುತ್ತದೆ, ಹೊಂದಿಸಿಕೊಂಡು ಓದು. ನಿನ್ನಮ್ಮನ ಪರವಾಗಿ ನಾನೇ ಬರೆಯುತ್ತಿದ್ದೇನೆ. ಅವಳು ಹಳಿಯಾಚೆ ಎಣಿಕೆಗೆ ಹೋದವಳು ಹೊತ್ತು ಮುಳುಗಿದ ಮೇಲೇ ಮನೆಗೆ ಬರುವುದು. ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಕಾಗದ ಅವಳ ಬ್ಯಾಗಿನಲ್ಲೇ ಇದೆ, ಹರಿದಿಲ್ಲ.

ಮೊನ್ನೆ ಸಭೆಗೆ ನಾನೂ ಹೋಗಿದ್ದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಹೋದವನಲ್ಲ, ನಮ್ಮನೆ ಸಭೆಯೇ ನನಗೆ ಸಾಕಾಗುತ್ತಿತ್ತು. ಅಂಗಡಿ ಮುಚ್ಚಿ, ಕಾಜಾ ಹಾಕುವ ಅಕ್ಕನನ್ನೂ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಎಣಿಕೆ ಒಪ್ಪುವುದು ಐದು ನಿಮಿಷದ ಕೆಲಸ ಎಂದುಕೊಂಡು ಕೆಲವು ಸದಸ್ಯರು ವಾಚು ನೋಡುತ್ತಿದ್ದರು. ನಿನ್ನಮ್ಮ ಎದ್ದು ನಿಂತಳು.

“ಈ ಎಣಿಕೆ ತಪ್ಪಾಗಿದೆ. ಇಲ್ಲಿಲ್ಲದ ಮಕ್ಕಳನ್ನ ಎಣಿಸಿದೀವಿ. ನನ್ನ ಮನೆಯಿಂದಲೇ ಶುರು ಮಾಡಿ, ಮೂರು ಅಂತ ಇರೋದನ್ನ ಎರಡು ಮಾಡಿ. ನನ್ನ ಮಗಳು ಈ ಊರಲ್ಲಿ ವಾಸ ಇಲ್ಲ” ಎಂದಳು.

ವಾಸ ಇಲ್ಲ ಎಂದದ್ದು ಹಿಂದಿನ ಬೆಂಚಿಗೆ ಅರ್ಧವೇ ಕೇಳಿಸಿತು. ಮೈಕಿನ ತೊಂದರೆ ಎಂದುಕೊಂಡು ಗುಮಾಸ್ತರು ಓಡಿಹೋಗಿ ವೈರು ಅಲ್ಲಾಡಿಸಿದರು.

“ಪಾಯಿಂಟ್ ಆಫ್ ಆರ್ಡರ್!” ಗೊತ್ತಲ್ಲ ಯಾರೆಂದು. “ನಮ್ಮ ಹುಡುಗರು ನಮ್ಮವರಲ್ಲ ಅನ್ನೋಕೆ ಯಾವ ಕಾಯ್ದೆ ಇದೆ ಸ್ವಾಮೀ? ನನ್ನ ಇಬ್ರು ಗಂಡು ಮಕ್ಕಳು ಹೊರಗಿದಾರೆ. ಅವರ ಬಟ್ಟೆ ಬೀರುವಲ್ಲಿದೆ, ಸೈಕಲ್ಲು ಮನೆ ಮುಂದಿದೆ!”

“ಸೈಕಲ್ಲನ್ನ ಎಣಿಸೋ ಹಾಗಿದ್ರೆ ಎಣಿಸೋಣ ಅಣ್ಣಾ” ಎಂದಳು ನಿನ್ನಮ್ಮ. ಎಲ್ಲರೂ ನಕ್ಕರು. ಅವರೂ ನಕ್ಕರು, ಆದರೆ ಕೂತಮೇಲೆ ಕರ್ಚೀಫು ತೆಗೆದರು.

ಆಮೇಲೆ ನಿನ್ನಮ್ಮ ಗೋಡೆಯ ಮೇಲಿನ ನಕ್ಷೆಯ ಹತ್ತಿರ ಹೋಗಿ, ಹಳಿಯಾಚೆಯ ಬಿಳಿ ಜಾಗದ ಮೇಲೆ ಅಂಗೈ ಇಟ್ಟಳು. “ಇಲ್ಲದವರನ್ನ ಎಣಿಸಿ, ಇರೋರನ್ನ ಬಿಟ್ಟಿದೀವಿ. ನಿಮ್ಮ ಮನೆ ಕಟ್ಟಿದ ಇಟ್ಟಿಗೆ ಸುಟ್ಟಿದ್ದು ಇಲ್ಲಿ. ಬೀದಿ ಗುಡಿಸೋರು ಇಲ್ಲಿಂದ ಬರ್ತಾರೆ. ಸದಸ್ಯರು ಹಾಕ್ಕೊಂಡಿರೋ ಅಂಗಿಗೆ ಕಾಜಾ ಹಾಕಿದವರು ಹಿಂದಿನ ಬೆಂಚಲ್ಲೇ ಕೂತಿದಾರೆ. ಗಡಿಯನ್ನ ಹಳಿಯಾಚೆಗೆ ಸರಿಸೋಣ. ಅವರನ್ನ ಸೇರಿಸಿದ್ರೆ ಯಾವ ಸುಳ್ಳೂ ಇಲ್ಲದೆ ಐವತ್ತು ಸಾವಿರ ದಾಟ್ತೀವಿ.”

ಅಕ್ಕ ತಲೆ ತಗ್ಗಿಸಿ ನನ್ನ ಮೊಣಕೈ ಹಿಡಿದುಕೊಂಡಳು.

ಇಷ್ಟೇ ಆಗಿದ್ದರೆ ಸುಲಭವಿತ್ತು, ಪುಟ್ಟಾ. ಮುಖ್ಯಾಧಿಕಾರಿ ಎದ್ದು ಕಾನೂನು ಹೇಳಿದರು. ಗಡಿ ಸರಿದರೆ ವಾರ್ಡುಗಳನ್ನು ಹೊಸದಾಗಿ ಹಂಚಬೇಕು. ಹಂಚಬೇಕೆಂದರೆ ಈಗಿನ ಸಭೆಯೇ ವಿಸರ್ಜನೆಯಾಗಬೇಕು. ಚುನಾವಣೆಯವರೆಗೆ ಸರ್ಕಾರದ ಆಡಳಿತಾಧಿಕಾರಿ. ಅಂದರೆ ಎಲ್ಲ ಸದಸ್ಯರ ಸ್ಥಾನ ಹೋಯಿತು, ಅಧ್ಯಕ್ಷೆಯ ಕುರ್ಚಿಯೂ ಹೋಯಿತು. ಇರುವ ಗಡಿಯಲ್ಲೇ, ಇರುವ ಎಣಿಕೆಯಲ್ಲೇ ಸುಮ್ಮನಿದ್ದುಬಿಟ್ಟರೆ ಎಲ್ಲರೂ ಹಾಗೆಯೇ ನಗರಸಭೆಗೆ ಬಡ್ತಿ. ಸಭೆಯಲ್ಲಿ ಸಂತೆಯ ಗಲಾಟೆ ಎದ್ದಿತು. “ಇರೋ ನೀರೇ ಸಾಲಲ್ಲ, ಅವರಿಗೂ ಎಲ್ಲಿಂದ ಕೊಡ್ತೀರಿ?” “ಗೆದ್ದು ಎರಡು ವರ್ಷ ಆಗಿಲ್ಲ, ಮತ್ತೆ ಮನೆಮನೆಗೆ ಕೈಮುಗೀಬೇಕಾ?”

ಕೈ ಎತ್ತಿಸಿದರು. ಪರ ಎಷ್ಟೋ ವಿರೋಧವೂ ಅಷ್ಟೇ. ಸಮ ಬಿದ್ದರೆ ಅಧ್ಯಕ್ಷರ ಮತ ಕೊನೆಯದಂತೆ, ನನಗೆ ಅವತ್ತೇ ತಿಳಿದದ್ದು. ಎಲ್ಲರೂ ಅವಳನ್ನೇ ನೋಡಿದರು.

ಪಾಯಿಂಟ್ ಆಫ್ ಆರ್ಡರ್ ಮೆಲ್ಲಗೆ ಎದ್ದರು. ಈ ಸಲ ಕೂಗಲಿಲ್ಲ. “ತಂಗೀ, ಯೋಚನೆ ಮಾಡು. ಆ ಕೈ ಎತ್ತಿದ್ರೆ ಕುರ್ಚಿ ಹೋಗುತ್ತೆ.”

“ಕುರ್ಚಿ ಪುರಸಭೆದು ಅಣ್ಣಾ, ಕೈ ನಂದು” ಎಂದು ಎತ್ತಿಬಿಟ್ಟಳು.

ನಾನು ಅವಳಿಗೆ ಎಷ್ಟೋ ಬಟ್ಟೆ ಹೊಲಿದುಕೊಟ್ಟಿದ್ದೇನೆ. ಅವಳ ಅಳತೆ ನನಗೆ ಬಾಯಿಪಾಠ ಎಂದುಕೊಂಡಿದ್ದೆ. ಅವತ್ತು ಹಿಂದಿನ ಬೆಂಚಿನಲ್ಲಿ ಕೂತು ನೋಡುವಾಗ ಇವಳನ್ನು ನಾನು ಸರಿಯಾಗಿ ಅಳೆದೇ ಇಲ್ಲ ಅನ್ನಿಸಿತು.

ಮನೆಗೆ ಬಂದವಳು ನೇರ ನಿನ್ನ ರೂಮಿಗೆ ಹೋದಳು. ನಿನ್ನ ಮಂಚದ ತುದಿಯಲ್ಲಿ ಕೂತುಕೊಂಡಳು. “ಅವಳಿಗೆ ಏನಂತ ಬರೀಲಿ?” ಎಂದಳು. ನಾನು, “ಈಗ ಮಲಕ್ಕೋ, ನಾನು ಬರೀತೀನಿ” ಎಂದೆ.

ಬರೆದಿದ್ದೇನೆ.

ನಿನ್ನ ಅಪ್ಪ


ನವೆಂಬರ್ ೧೮

ನನ್ನ ಮರಿಗೆ,

ಈ ಕಾಗದಕ್ಕೆ ಸೀಲಿಲ್ಲ. ಮನೆಯಿಂದ ಬರೆಯುತ್ತಿದ್ದೇನೆ. ನಿನ್ನ ಅರ್ಜಿಗೆ ಉತ್ತರ ತಡವಾಯಿತು. ಬೇರೆಯವರ ಅರ್ಜಿಗೆ ಬರೆಯುವುದು ಸುಲಭ. ಅವರಿಗೆ ಏನು ಬೇಕೆಂದು ಅದರಲ್ಲೇ ಬರೆದಿರುತ್ತಾರೆ.

ಸರ್ಕಾರ ಒಪ್ಪಿದೆ. ಗಡಿ ಈಗ ಹಳಿ ದಾಟಿ ಇಟ್ಟಿಗೆ ಗೂಡಿನ ಹಿಂದಿನ ಹಳ್ಳದವರೆಗೆ ಹೋಗಿದೆ. ಅಲ್ಲಿ ಎಣಿಕೆಗೆ ನಾನೂ ಟೀಚರ ಜೊತೆ ಹೋಗಿದ್ದೆ. ಮೊದಲ ಮನೆಯ ಹೆಂಗಸು ಬಾಗಿಲು ಅರ್ಧ ತೆಗೆದು, “ಎಣಿಸೋಕೆ ಬಂದ್ರಾ, ಎಬ್ಬಿಸೋಕೆ ಬಂದ್ರಾ?” ಎಂದಳು. ಎಣಿಸೋಕೆ ಎಂದಾಗ ಒಳಗೆ ತಿರುಗಿ, “ಏಯ್, ಎಲ್ಲಾ ಹೊರಗೆ ಬನ್ರೋ” ಎಂದು ಕೂಗಿದಳು. ಮಲಗಿದ್ದ ಮುದುಕನೂ ಎದ್ದು ಬಂದ. ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದ, ಫೋಟೋ ತೆಗೆಯುತ್ತಾರೆ ಎನ್ನುವ ಹಾಗೆ. ಆ ಒಂದು ಬೀದಿ ಮುಗಿಸುವಷ್ಟರಲ್ಲಿ ನನಗೆ ಸಭೆಯ ಗಲಾಟೆಯೆಲ್ಲ ಮರೆತುಹೋಯಿತು. ಐವತ್ತು ಸಾವಿರ ದಾಟಿದ್ದೇವೆ, ಈ ಸಲ ಕೂದಲೆಳೆಯಲ್ಲಲ್ಲ, ದಂಡಿಯಾಗಿ. ಹಾಸ್ಟೆಲಿನಲ್ಲಿರುವ ನಿಮ್ಮ ಯಾರ ಸಹಾಯವೂ ಇಲ್ಲದೆ.

ನಗರಸಭೆಯ ಬೋರ್ಡು ಬಂತು. ಚೆನ್ನಾಗಿ ಬರೆದಿದ್ದಾರೆ. ಅದರ ಕೆಳಗೆ ನಿಲ್ಲುವವರು ಈಗ ಆಡಳಿತಾಧಿಕಾರಿ, ತುಂಬ ಶಿಸ್ತಿನ ಮನುಷ್ಯ. ನಾನು ಕೀಲಿಕೈ ಕೊಟ್ಟು ಬಂದೆ. ಟಪಾಲು ಗುಮಾಸ್ತರು ಮೆಟ್ಟಿಲವರೆಗೂ ಬಂದು, “ಇನ್ಮೇಲೆ ಮಗಳ ಕಾಗದ ಓದೋಕೆ ಸಿಗಲ್ವಲ್ಲಾ ಮೇಡಂ” ಎಂದು ನಿಜವಾಗಿಯೂ ಬೇಜಾರು ಮಾಡಿಕೊಂಡರು. ಕಾಲೇಜಿನ ಜಾಗಕ್ಕೆ ಹಳಿಯಾಚೆಯ ಬಯಲನ್ನು ನೋಡಿಹೋಗಿದ್ದಾರೆ. ಆಗುತ್ತದೆ. ನಿನಗೆ ಸಿಗುವುದಿಲ್ಲ, ಮುಂದಿನವರಿಗೆ ಸಿಗುತ್ತದೆ.

ಮರುದಿನ ಬೆಳಿಗ್ಗೆ ಫೋನು ಒಂದು ಸಲವೂ ಹೊಡೆಯಲಿಲ್ಲ. ಕೆಟ್ಟಿದೆಯೇನೋ ಎಂದು ಅಪ್ಪನ ಫೋನಿನಿಂದ ಮಾಡಿ ನೋಡಿದೆ. ಕೆಟ್ಟಿರಲಿಲ್ಲ. ಸಂಜೆ ನಿನಗೆ ಮಾಡಿದೆ. ನಿನ್ನದು ಎಂಗೇಜ್.

ಆಮೇಲೆ ನಿನ್ನ ರೂಮಿಗೆ ಹೋದೆ. ನಿನ್ನ ಮಂಚದ ತುಂಬ ನನ್ನ ನಕ್ಷೆಗಳೇ ಪೇರಿದ್ದವು. ನೀನು ರಜೆಗೆ ಬಂದಾಗಲೆಲ್ಲ ಅವನ್ನು ಕೆಳಗಿಟ್ಟು, ನೀನು ಹೋದಮೇಲೆ ಮತ್ತೆ ಮೇಲಿಡುವುದು ರೂಢಿ. ಮನೆಯಲ್ಲಿ ಮೂರು ಜನ ಎಂದು ಟೀಚರಿಗೆ ಹೇಳಿದವಳು, ಮೂರನೆಯವಳ ಮಂಚದ ಮೇಲೆ ಊರನ್ನು ಮಲಗಿಸಿದ್ದೆ. ಸಭೆಯಲ್ಲಿ ‘ನನ್ನ ಮಗಳು ಇಲ್ಲಿ ವಾಸ ಇಲ್ಲ’ ಎಂದು ಹೇಳಿದ್ದು ಸರಿಯಾದ ಲೆಕ್ಕ. ಅದನ್ನು ನಾನು ಮತ್ತೆ ಬೇಕಾದರೂ ಹೇಳುತ್ತೇನೆ. ಆದರೆ ಈಗ ನಕ್ಷೆಗಳನ್ನು ಸುರುಳಿ ಸುತ್ತಿ ಬೀರುವಿನ ಮೇಲಿಟ್ಟಿದ್ದೇನೆ. ಮಂಚ ಖಾಲಿಯಿದೆ. ಹೊಸ ಹಾಸು ಅಪ್ಪ ಹೊಲಿದದ್ದು.

ಬೇಸಿಗೆಗೆ ಚುನಾವಣೆ ಎನ್ನುತ್ತಾರೆ. ವಾರ್ಡುಗಳ ಹೊಸ ನಂಬರು ಇನ್ನೂ ಕೊಡುತ್ತಿದ್ದಾರೆ. ಹಳಿಯಾಚೆಯವರು ಬಂದು, “ನೀವೇ ನಿಲ್ಲಿ ಅಮ್ಮಾ” ಎಂದು ಕೇಳಿ ಹೋದರು. ಪಾಯಿಂಟ್ ಆಫ್ ಆರ್ಡರ್ ಕೂಡ ಬಂದಿದ್ದರು, “ನೀನು ನಿಲ್ಲದಿದ್ರೆ ನಾನು ಯಾರ ಮೇಲೆ ಏಳ್ಲಿ?” ಎಂದರು. ನಾನಿನ್ನೂ ಏನೂ ಹೇಳಿಲ್ಲ.

ಬೀದಿ ದೀಪ: ನಾನು ಅಧ್ಯಕ್ಷೆಯಾಗಿದ್ದಾಗ ನಮ್ಮ ಬೀದಿಗೇ ಮೊದಲು ಹಾಕಿಸಿದರೆ ಜನ ಏನೆನ್ನುತ್ತಾರೆ ಎಂದು ಸರದಿಯ ಕೊನೆಗಿಟ್ಟಿದ್ದೆ. ಸರದಿ ಮುಗಿಯುವ ಮೊದಲು ಕುರ್ಚಿ ಮುಗಿಯಿತು. ಈಗ ಸಾಮಾನ್ಯ ನಾಗರಿಕಳಾಗಿ ನಾನೇ ಅರ್ಜಿ ಹಾಕಿದ್ದೇನೆ. ವಾರ ಕಳೆಯಿತು, ಆಡಳಿತಾಧಿಕಾರಿಯಿಂದ ಇನ್ನೂ ಉತ್ತರವಿಲ್ಲ. ಕಾಯುವುದು ಎಷ್ಟು ಕಷ್ಟ ಎಂದು ಈಗ ಗೊತ್ತಾಗುತ್ತಿದೆ, ಮರಿ.

ಅಮ್ಮ


ನವೆಂಬರ್ ೨೬

ಅಮ್ಮಾ,

ಈ ಸಲ ಕವರಿನ ಮೇಲೆ ಮನೆಯ ವಿಳಾಸ ಬರೆದಿದ್ದೇನೆ. ಬರೆಯುವಾಗ ಪಿನ್‌ಕೋಡ್ ನೆನಪಾಗದೆ ಅಪ್ಪನಿಗೆ ಫೋನ್ ಮಾಡಬೇಕಾಯಿತು, ನಗಬೇಡ. ನೀನು ಅವತ್ತು ಮಾಡಿದಾಗ ಎಂಗೇಜ್ ಬಂದದ್ದಕ್ಕೂ ಅಪ್ಪನೇ ಕಾರಣ. ನಾನು ಅಪ್ಪನ ಜೊತೆ ಮಾತಾಡುತ್ತಿದ್ದೆ, “ಅಮ್ಮ ನಿಜವಾಗ್ಲೂ ಹೇಗಿದಾಳೆ?” ಅಂತ. ಅಪ್ಪ, “ನಿನ್ನ ರೂಮಲ್ಲಿ ಏನೋ ಸದ್ದು ಮಾಡ್ತಾ ಇದಾಳೆ, ನೋಡಿ ಹೇಳ್ತೀನಿ” ಅಂದಿದ್ದರು.

ಅಸೈನ್‌ಮೆಂಟ್ ಕೊಟ್ಟೆ. ಆಡಳಿತದ ಭಾಗದಲ್ಲಿ ನಿನ್ನ ಸಭೆಯನ್ನು ಬರೆದೆ. ಜನಸಂಖ್ಯೆಯ ಭಾಗದಲ್ಲಿ ತಲೆ ಬಾಚಿಕೊಂಡು ಬಂದ ಮುದುಕನನ್ನು ಬರೆದೆ. ಬೆಳವಣಿಗೆಯ ಭಾಗದಲ್ಲಿ ಏನು ಬರೆಯಬೇಕೆಂದು ಬಹಳ ಯೋಚಿಸಿ, ನಕ್ಷೆಯ ಮೇಲಿಟ್ಟ ನಿನ್ನ ಅಂಗೈಯನ್ನು ಬರೆದೆ. ಮೇಷ್ಟ್ರು ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ‘ಪ್ರಶಂಸೆ ಹೆಚ್ಚು, ವಿಶ್ಲೇಷಣೆ ಕಡಿಮೆ’ ಎಂದು ಬರೆದು, ಆದರೂ ಒಳ್ಳೆಯ ಮಾರ್ಕ್ಸೇ ಕೊಟ್ಟಿದ್ದಾರೆ. ಅಲಾರಂ ಓದಿ ಅತ್ತಳು. ಅವಳು ಎಲ್ಲದಕ್ಕೂ ಅಳುತ್ತಾಳೆ, ಆದರೂ ಹೇಳುತ್ತಿದ್ದೇನೆ. ಅವಳ ಊರಿನಲ್ಲೂ ಅವಳನ್ನು ಎಣಿಸಿದ್ದಾರಾ ಅಂತ ಈಗ ಅವಳಿಗೆ ಟೆನ್ಷನ್.

‘ವಾಸ ಇಲ್ಲ’ ಎಂಬ ಮಾತನ್ನು ಅಪ್ಪನ ಕಾಗದದಲ್ಲಿ ಓದಿದಾಗ ಕಾಗದವನ್ನು ಅಲ್ಲಿಗೇ ಮಡಚಿಟ್ಟುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಎರಡು ದಿನ ಬೇಜಾರಿತ್ತು. ಮೂರನೇ ದಿನ ಹೊಳೆಯಿತು. ಸುಮ್ಮನಿದ್ದಿದ್ದರೆ ನಾನು ಊರಿನ ಲೆಕ್ಕದಲ್ಲಿರುತ್ತಿದ್ದೆ. ಆದರೆ ರಜೆಗೆ ಬಂದಾಗ ಕಾಜಾ ಹಾಕುವ ಅಕ್ಕನ ಮುಖ ಹೇಗೆ ನೋಡುತ್ತಿದ್ದೆ? ಹರಿದುಹಾಕು ಎಂದು ಬರೆದವಳು ನಾನು. ನೀನು ಹರಿಯಲಿಲ್ಲ. ಬೋರ್ಡಿನ ಕೆಳಗೆ ನಿಂತ ನಿನ್ನನ್ನು ನೋಡಬೇಕು ಎಂದು ಬರೆದಿದ್ದೆ. ಈಗ ಬೇಡ. ಆ ಕೈ ಎತ್ತಿದಾಗ ಹಿಂದಿನ ಬೆಂಚಿನಲ್ಲಿ ನಾನಿರಬೇಕಿತ್ತು, ಅಷ್ಟೇ ಹೊಟ್ಟೆಕಿಚ್ಚು ಅಪ್ಪನ ಮೇಲೆ.

ಈಗ ಮುಖ್ಯ ವಿಷಯ. ಮುಂದಿನ ತಿಂಗಳು ನನಗೆ ಹದಿನೆಂಟು ತುಂಬುತ್ತದೆ. ಹಾಸ್ಟೆಲಿನಲ್ಲಿ ವೋಟರ್ ಲಿಸ್ಟಿಗೆ ಹೆಸರು ಬರೆಸಿಕೊಳ್ಳುತ್ತಿದ್ದಾರೆ. ವಾರ್ಡನ್, “ಎಲ್ರೂ ಹಾಸ್ಟೆಲ್ ಅಡ್ರೆಸ್ಸೇ ಹಾಕಿ, ಸುಲಭ” ಅಂದರು. ನಾನು ಹೋಗಿ ಮೇಷ್ಟ್ರನ್ನು ಕೇಳಿದೆ (ನನ್ನನ್ನು ಕಂಡರೆ ಈಗ ಅವರೇ ಪುಸ್ತಕ ತೆಗೆಯುತ್ತಾರೆ). ಓದಲು ಹೊರಗಿರುವವರು ಹಾಸ್ಟೆಲನ್ನಾದರೂ ಬರೆಯಬಹುದು, ಮನೆಯನ್ನಾದರೂ ಬರೆಯಬಹುದು, ಎರಡೂ ಕಡೆ ಮಾತ್ರ ಕೂಡದು ಅಂದರು. ಮೂರು ಸಲ ಕೇಳಿ ಖಚಿತ ಮಾಡಿಕೊಂಡೆ, ಇನ್ನೊಂದು ತಪ್ಪು ನನ್ನಿಂದ ಆಗಬಾರದು ಅಂತ. ಎಣಿಕೆಯವರಿಗೆ ನಾನು ಎಲ್ಲಿ ಮಲಗುತ್ತೇನೆ ಎಂಬುದಷ್ಟೇ ಬೇಕು. ಇವರು ಮಾತ್ರ ನೀನು ಎಲ್ಲಿಯವಳು ಎಂದು ನನ್ನನ್ನೇ ಕೇಳುತ್ತಿದ್ದಾರೆ.

ಮನೆಯ ವಿಳಾಸ ಬರೆದಿದ್ದೇನೆ. ಪಿನ್‌ಕೋಡ್ ಸಮೇತ.

ಬೇಸಿಗೆ ರಜೆಗೆ ಬರುತ್ತೇನೆ. ನೀನು ನಿಂತರೆ ಹಳಿಯಾಚೆ ಮನೆಮನೆಗೆ ನಿನ್ನ ಜೊತೆ ಬರುತ್ತೇನೆ, ದಾರಿ ನನಗೆ ಗೊತ್ತು. ನಮ್ಮ ವಾರ್ಡಿನಲ್ಲೇ ನಿಂತರೂ ನನ್ನ ವೋಟು ನಿನಗೇ ಎಂದು ಮಾತು ಕೊಡುವುದಿಲ್ಲ. ಮೊದಲು ಆ ದೀಪ ಉರಿಯಲಿ.

ವಾರ್ಡ್ ನಂಬರ್ ಎಂಬ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಹಳೆಯ ನಂಬರು ನಡೆಯುವುದಿಲ್ಲವಂತೆ. ಮುಂದಿನ ತಿಂಗಳ ಕೊನೆಯ ವಾರಕ್ಕೆ ಮೊದಲು ವಾರ್ಡನ್‌ಗೆ ಕೊಡಬೇಕು. ನಮ್ಮ ಮನೆ ಈಗ ಎಷ್ಟನೇ ವಾರ್ಡು, ಅಮ್ಮ? ಬೇಗ ಉತ್ತರ ಬರೆ.

ನಿನ್ನ ಮಗಳು